ಮುನಿರಾಜಣ್ಣನ ದನಿಯಲ್ಲಿ ನಾನು ಹೇಳಿದ್ದು

ಆ ಫೋನಿನಲ್ಲಿ ಮಾತಾಡಿದವನು ನಾನು. ದನಿ ಮಾತ್ರ ಮುನಿರಾಜಣ್ಣನದು. "ಗಾಜು ಇಳಿಸಬೇಡ" ಎಂದು ನಂಜುಂಡಣ್ಣನಿಗೆ ಹೇಳಿದವನು ನಾನು. ಆಮೇಲೆ ಮುನಿರಾಜಣ್ಣನ ಮುಖ ನೋಡಿಕೊಂಡೇ "ನೀವೇ ಅಣ್ಣ ಮಾತಾಡಿದ್ದು" ಎಂದವನೂ — ನಾನೇ. ಮೊದಲನೆಯದನ್ನು ಬೇಕಾದರೆ ಹುಡುಗಾಟ ಎನ್ನಬಹುದು. ಎರಡನೆಯದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದನ್ನೆಲ್ಲ ಆರಂಭದಲ್ಲೇ ಇಟ್ಟುಬಿಡಲು ಕಾರಣವಿದೆ. ನನ್ನ ಬುದ್ಧಿ ನನಗೆ ಗೊತ್ತು. ಸ್ವಲ್ಪ ಸಡಿಲ ಬಿಟ್ಟರೆ ನಿಮ್ಮನ್ನು ನಗಿಸಿ, ನೀವು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹಿಂಬಾಗಿಲಿನಿಂದ ಜಾರಿಕೊಳ್ಳುವ ಆಸಾಮಿ ನಾನು. ಈ ಸಲ ಬಾಗಿಲು ಹಾಕಿಕೊಂಡೇ ಕೂತಿದ್ದೇನೆ.

ನನ್ನ ಹೆಸರು ಕಿರಣ. ಆಗ ಹೆಬ್ಬಗೋಡಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುತ್ತಿರಲಿಲ್ಲ. ಮುನಿರಾಜಣ್ಣ ಇಟ್ಟ ಹೆಸರು ರೇಡಿಯೊ. ಯಾವ ಸ್ಟೇಷನ್ ಬೇಕಾದರೂ ಹಿಡಿಯುತ್ತಿದ್ದೆ — ಚಿಲ್ಲರೆ ಇಲ್ಲ ಎಂದು ಮೂಗಿನಲ್ಲೇ ಗದರುವ ಬಸ್ ಕಂಡಕ್ಟರ್, ಬಾಡಿಗೆ ಕೇಳಲು ಬಂದು ಮೊದಲು ಆರೋಗ್ಯ ವಿಚಾರಿಸುವ ನಮ್ಮ ಓನರ್ ಆಂಟಿ, ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಕೋಪ ಮಾಡಿಕೊಳ್ಳುವ ಟೆಕ್ಕಿಗಳು. ಡಿಪ್ಲೊಮಾ ಫೇಲಾಗಿ ಬಂದು ಅಮ್ಮನ ಮುಂದೆ ನಿಂತ ನನ್ನದೇ ಮುಖವನ್ನೂ ಮಾಡಿ ತೋರಿಸುತ್ತಿದ್ದೆ; ಅದಕ್ಕೇ ಜಾಸ್ತಿ ನಗು ಬೀಳುತ್ತಿತ್ತು. ಮುನಿರಾಜಣ್ಣನದನ್ನು ಅವರೆದುರಿಗೇ ಮಾಡುತ್ತಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಇವ್ನು ಎದುರ್ಗೇ ಆಡ್ಕೊಳೋ ನನ್ಮಗ ಕಣ್ರೋ, ಹಿಂದ್ಗಡೆ ಆಡ್ಕೊಳೋನಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಎಂದರೆ ಅದೊಂದೇ ಇರಬೇಕು. ಅದೊಂದೂ ಸುಳ್ಳಾಗಿತ್ತು.

ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮುನಿರಾಜಣ್ಣ ಕಾರಿನ ಎಸಿ ರಿಪೇರಿ ಮಾಡುತ್ತಿದ್ದರು; ನಾನು ಅವರ ಕೈಕೆಳಗಿನ ಹುಡುಗ. ಹೊಲದ ಉಳಿದ ಭಾಗವೆಲ್ಲ ಬಾಡಿಗೆ ಮನೆಗಳು. ಮನೆ ಬಾಡಿಗೆಯಲ್ಲೇ ಕಾಲಾಡಿಸಿಕೊಂಡು ಕೂರಬಹುದಾಗಿದ್ದ ಮನುಷ್ಯ, ಕೂರಲಿಲ್ಲ. ಬೇಸಿಗೆ ಬಂತೆಂದರೆ ಎಲೆಕ್ಟ್ರಾನಿಕ್ ಸಿಟಿಗೆ ಜನ ಸಾಗಿಸುವ ಹಳದಿ ಬೋರ್ಡಿನ ಕಾರುಗಳೆಲ್ಲ ನಮ್ಮ ಶೆಡ್ಡಿನ ಮುಂದೆ. ಹಿಂದಿನ ಸೀಟಿನವರು ಎಸಿ ಸಾಲದೆಂದು ಮೊಬೈಲಿನ ಕ್ಯಾಬ್ ಆ್ಯಪಿನಲ್ಲಿ ಒಂದು ಸ್ಟಾರ್ ಕಡಿಮೆ ಕೊಟ್ಟರೆ ಡ್ರೈವರನ ಮುಂದಿನ ಟ್ರಿಪ್ಪಿಗೇ ಸಂಚಕಾರ. ಹೀಗಾಗಿ ಬಂದವರೆಲ್ಲರಿಗೂ ಒಂದೇ ಮಾತು — ಗ್ಯಾಸ್ ತುಂಬಿಸಿ ಬೇಗ ಕಳಿಸಣ್ಣ.

ಮುನಿರಾಜಣ್ಣ ಹಾಗೆ ತುಂಬಿಸಿ ಕಳಿಸುವವರಲ್ಲ. "ಗ್ಯಾಸ್ ಏನು ಪೆಟ್ರೋಲಾ, ಉರ್ದು ಖಾಲಿಯಾಗಕ್ಕೆ? ಕಮ್ಮಿ ಆಗದೆ ಅಂದ್ರೆ ಎಲ್ಲೋ ಸೋರ್ತಾ ಅದೆ. ಮದ್ಲು ಅದ್ ನೋಡನ" ಎನ್ನುವರು. ರೇಡಿಯೇಟರ್ ಮುಂದೆ ಎಸಿಯ ಕಾವು ಹೊರಹಾಕುವ ಕಂಡೆನ್ಸರ್ ಜಾಲರಿಯಲ್ಲಿ ಹೊಸೂರು ರೋಡಿನ ಧೂಳೂ ಸತ್ತ ಹುಳುವೂ ಸೇರಿ ಕಂಬಳಿಯಾಗಿರುತ್ತಿತ್ತು. ಅದನ್ನು ಜೋರು ನೀರು ಬಿಡದೆ, ಜಾಲರಿಯ ತೆಳು ತಗಡಿನ ರೆಕ್ಕೆ ಬಗ್ಗದ ಹಾಗೆ, ಮಗುವಿಗೆ ಎರೆದಂತೆ ತೊಳೆಯುತ್ತಿದ್ದರು. ಬಿಸಿಲಲ್ಲಿ ನಿಲ್ಲಿಸಿದ್ದ ಕಾರು ಹತ್ತಿದರೆ ಮೊದಲು ನಾಲ್ಕೂ ಗಾಜು ಇಳಿಸಿ ಸ್ವಲ್ಪ ದೂರ ಓಡಿಸಬೇಕು, ಒಳಗಿನ ಕಾವು ಹೊರಗೆ ಹೋದ ಮೇಲೆ ಗಾಜು ಏರಿಸಿ ಎಸಿ ಹಾಕಬೇಕು, ಆಮೇಲೆ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಬೇಕು — ಇದನ್ನು ಪ್ರತಿಯೊಬ್ಬ ಡ್ರೈವರಿಗೂ ಹೊಸದೆಂಬಂತೆ ಹೇಳುತ್ತಿದ್ದರು. ನಾನು ಹಿಂದೆ ನಿಂತು ಬಾಯಿ ಆಡಿಸುತ್ತಿದ್ದೆ. ಒಂದಕ್ಷರ ತಪ್ಪದೆ.

ಅವರದೊಂದು ಪದ್ಧತಿ ಇತ್ತು. ಬೇರೆಲ್ಲೂ ನಾನದನ್ನು ನೋಡಿಲ್ಲ. ಡ್ಯಾಶ್‌ಬೋರ್ಡು ಬಿಚ್ಚಿ ಒಳಗಿನ ಕೂಲಿಂಗ್ ಕಾಯಿಲ್ ತೆಗೆದು ತೊಳೆದು ಮತ್ತೆ ಕೂರಿಸಿದ ಮೇಲೆ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಎಸಿ ಪೈಪು ಇಂಜಿನ್ ಕಡೆಯಿಂದ ಕಾರಿನೊಳಕ್ಕೆ ತೂರುವ ತೂತಿನ ಹತ್ತಿರ ನನ್ನ ಕೈಲಿ ಒಂದು ಹಿಡಿ ಊದುಬತ್ತಿ ಹಿಡಿಸುತ್ತಿದ್ದರು. ತಾವು ಒಳಗೆ ಕೂತು, ಗಾಜೆಲ್ಲ ಏರಿಸಿ, ಬ್ಲೋಯರ್ ಜೋರಾಗಿ ಹಾಕಿ, ಕಣ್ಣು ಮುಚ್ಚುವರು. ಊದುಬತ್ತಿಯ ಮಲ್ಲಿಗೆ ವಾಸನೆ ಒಳಗೆ ಬಂದರೆ ತೂತಿನ ರಬ್ಬರು ಸರಿಯಾಗಿ ಕೂತಿಲ್ಲ ಎಂದರ್ಥ. ಬರದಿದ್ದರೆ ಕೈ ಎತ್ತುವರು. ಹೊಸ ಗಿರಾಕಿಗಳು ಇದನ್ನು ಪೂಜೆ ಎಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿದದ್ದುಂಟು. ನಾನು ಅರ್ಚಕರ ದನಿ ತೆಗೆದು ಕಾರಿನ ನಂಬರಿಗೆ ನಕ್ಷತ್ರ ಕೇಳುತ್ತಿದ್ದೆ.

ಇನ್ನು ಫೋನು. ಅವರ ಕೈ ಸದಾ ಎಣ್ಣೆ. ಫೋನು ಟೂಲ್ಸ್ ಮೇಜಿನ ಮೇಲೆ ಬಿದ್ದಿರುತ್ತಿತ್ತು. ರಿಂಗಾದರೆ ಎತ್ತಿ ಅವರ ಕಿವಿಗೆ ಹಿಡಿಯುವುದು ನನ್ನ ಕೆಲಸ. ಅವರು ಇಲ್ಲದಾಗ ನಾನು ಏನೇ ಹೇಳಿದರೂ ಡ್ರೈವರುಗಳು ಕೇಳುತ್ತಿರಲಿಲ್ಲ. "ನೀನ್ ಇರಪ್ಪ, ಮುನಿರಾಜಣ್ಣಂಗೆ ಕೊಡು." ಎಷ್ಟು ಸಲ ಕೇಳಿಸಿಕೊಂಡೆನೋ. ಒಂದು ದಿನ ರೇಗಿ, "ಇರಿ ಕೊಡ್ತೀನಿ" ಎಂದು ಒಂದು ಗುಟುಕು ಉಗುಳು ನುಂಗಿ, ಗಂಟಲು ಇಳಿಸಿ — "ಏನಪ್ಪಾ, ಹೇಳು" ಎಂದೆ. ಆ ಕಡೆಯವನು ತಕ್ಷಣ ಮೆತ್ತಗಾದ. ನಾನು ಆಗ ತಾನೇ ಹೇಳಿದ್ದನ್ನೇ ಅವರ ದನಿಯಲ್ಲಿ ಹೇಳಿದೆ. "ಆಯ್ತಣ್ಣ, ಆಯ್ತಣ್ಣ" ಎಂದು ಇಟ್ಟ. ಅದರ ರುಚಿ — ಹೇಗೆ ಹೇಳಲಿ. ಜಗತ್ತು ಮೊದಲ ಬಾರಿಗೆ ನನ್ನ ಮಾತು ಕೇಳಿತ್ತು, ನನ್ನದಲ್ಲ ಎಂದುಕೊಂಡು. ಆಮೇಲೆ ಅವರು ಕೈ ತೊಳೆಯಲು ಹೋದಾಗ, ಸಾಮಾನು ತರಲು ಹೋದಾಗ, ನಾನೇ ಮುನಿರಾಜಣ್ಣ. ಅವರಿಗೆ ಇದು ತಿಳಿಯಲೇ ಇಲ್ಲ.

ಸುಡು ಬೇಸಿಗೆಯ ಒಂದು ದಿನ ನಂಜುಂಡಣ್ಣ ಬಂದರು. ನಮ್ಮ ಶೆಡ್ಡಿನ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದವರು, ಟೆಕ್ಕಿಗಳನ್ನು ಕರೆದೊಯ್ಯುವ ಕ್ಯಾಬ್ ಓಡಿಸುತ್ತಿದ್ದರು. ಹೆಂಡತಿ ಸುಧಕ್ಕ ಗಾರ್ಮೆಂಟ್ಸಿನಲ್ಲಿ. ಸಾಧು ಮನುಷ್ಯ, ನಾನು ಅವರ ನಡಿಗೆಯನ್ನು ಅಣಕಿಸಿದರೆ "ಇನ್ನೊಂದ್ಸಲ ಮಾಡೋ, ನಮ್ಮನೇಲಿ ತೋರಿಸ್ಬೇಕು" ಎಂದು ವಿಡಿಯೊ ತೆಗೆದುಕೊಳ್ಳುವವರು. ಅವರ ಕಾರಿನ ಕೂಲಿಂಗ್ ಕಾಯಿಲ್ ಕಟ್ಟಿಕೊಂಡಿತ್ತು. ಮುನಿರಾಜಣ್ಣ ಇನ್ನೊಂದು ಕಾರಿನ ಕೆಳಗಿದ್ದರು. ಇದು ನಿನ್ನದೇ ಕಣ್ಲಾ ಎಂದು ನನಗೆ ಬಿಟ್ಟರು.

ಬಿಚ್ಚಿದೆ, ತೊಳೆದೆ, ಕೂರಿಸಿದೆ. ಪೈಪಿನ ತೂತಿನ ರಬ್ಬರು ಹಳೆಯದು, ಗಟ್ಟಿಯಾಗಿ ಅಂಚಿನಲ್ಲಿ ಹರಿದಿತ್ತು. ಹೊಸದು ತರಿಸಬೇಕಿತ್ತು. ಸುತ್ತ ಇಬ್ಬರು ಮೂವರು ಡ್ರೈವರುಗಳು ನಿಂತಿದ್ದರು, ನಾನು ಯಾವುದೋ ಮ್ಯಾನೇಜರನ ಅಣಕು ಮಾಡುತ್ತಿದ್ದೆ, ನಗು ಏರುತ್ತಿತ್ತು — ಅಂಥ ಹೊತ್ತಲ್ಲಿ ನಿಲ್ಲಿಸಿ ರಬ್ಬರು ಹುಡುಕಲು ಯಾರು ಹೋಗುತ್ತಾರೆ. ಹಳೆಯದನ್ನೇ ಬೆರಳಿನಿಂದ ಒತ್ತಿ ತುರುಕಿದೆ. ಅದು ಕೂರಲಿಲ್ಲ. ಕೂರಲಿಲ್ಲವೆಂದು ನನ್ನ ಬೆರಳಿಗೆ ಗೊತ್ತಿತ್ತು. ಕಾರಿನ ಕೆಳಗಿಂದ ಮುನಿರಾಜಣ್ಣ "ಊದ್ಬತ್ತಿ ಹಿಡುದ್ಯೇನ್ಲಾ?" ಎಂದರು. "ಆಯ್ತಣ್ಣ, ಏನೂ ಬರ್ಲಿಲ್ಲ" ಎಂದೆ. ಊದುಬತ್ತಿ ಪೊಟ್ಟಣದಲ್ಲೇ ಇತ್ತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ನಂಜುಂಡಣ್ಣನ ಫೋನು ಬಂತು. ಮುನಿರಾಜಣ್ಣ ಹಿಂದೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಎತ್ತಿದೆ. ಗಂಟಲು ತಾನಾಗಿಯೇ ಇಳಿಯಿತು.

"ಏನಪ್ಪಾ ನಂಜುಂಡ."

"ಅಣ್ಣ, ಕೂಲಿಂಗ್ ಸೂಪರಾಗಿದೆ. ಆದ್ರೆ ಗಾಡಿ ನಿಲ್ಸಿ ಎಸಿ ಹಾಕೊಂಡ್ ಕೂತ್ರೆ ತಲೆ ಭಾರ ಆಗುತ್ತೆ. ಒಂಥರಾ ಹೊಗೆ ವಾಸ್ನೆ ಇದ್ದಂಗಿದೆ."

ನನಗೆ ಆ ಕ್ಷಣ ರಬ್ಬರು ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆಯಲು ಕೈ ತುಡಿಯುತ್ತಿದೆ. ಆಯಿತು. ಗಾಡಿ ವಾಪಸ್ ತಾ ಎಂದರೆ ಮುನಿರಾಜಣ್ಣ ಬಾನೆಟ್ ಎತ್ತುತ್ತಾರೆ, ಊದುಬತ್ತಿ ಹಿಡಿಯದೆ ಹಿಡಿದೆ ಎಂದದ್ದು ಬಯಲಾಗುತ್ತದೆ, ನಾಲ್ಕು ಜನರ ಮುಂದೆ ಬೈಸಿಕೊಳ್ಳಬೇಕಾಗುತ್ತದೆ. ಅಷ್ಟೇ. ಅಷ್ಟಕ್ಕೇ —

"ಅದು ಕಾಯಿಲ್ ತೊಳೆದ ಲಿಕ್ವಿಡ್ ವಾಸ್ನೆ ಕಣಪ್ಪ. ಎಲ್ಡ್ ದಿನ ಇರ್ತದೆ, ಆಮೇಲೆ ಓಯ್ತದೆ. ಗಾಜು ಇಳಿಸ್ಬೇಡ, ಕೂಲಿಂಗ್ ಎಲ್ಲಾ ದಂಡ. ಒಳಗಿನ್ ಗಾಳಿ ಸುತ್ಸೋ ಗುಂಡಿ ಒತ್ಕೊಂಡೇ ಇರು."

"ಸರಿ ಅಣ್ಣ. ನೀವ್ ಹೇಳುದ್ ಮೇಲೆ ಇನ್ನೇನು."

ಆ ಕೊನೆಯ ಮಾತನ್ನು ಅವರು ಹೇಳಿದ್ದು ನನಗಲ್ಲ, ಮುನಿರಾಜಣ್ಣನಿಗೆ.

ಇಂಜಿನ್ನಿನ ಹೊಗೆ ಸಾಗಿಸುವ ಪೈಪಿನ ಕೀಲು ಅವರ ಕಾರಿನಲ್ಲಿ ಬಿಟ್ಟುಕೊಂಡಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅದು ಅವರಿಗೂ ಗೊತ್ತಿರಲಿಲ್ಲ, ನಮಗೂ. ಓಡುವಾಗ ಗಾಳಿಗೆ ಹಾರಿಹೋಗುತ್ತಿದ್ದ ಹೊಗೆ ನಿಂತಾಗ ಬಾನೆಟ್ಟಿನ ಒಳಗೇ ತುಂಬಿಕೊಂಡು, ನಾನು ತುರುಕಿದ ರಬ್ಬರಿನ ಸಂದಿಯಿಂದ ಒಳಗೆ ನುಗ್ಗುತ್ತಿತ್ತು. ಗಾಜು ಇಳಿದಿದ್ದರೆ — ಒಂದೇ ಒಂದು ಗಾಜು, ಬೆರಳಗಲ ಇಳಿದಿದ್ದರೆ — ಇರಲಿ.

ಅದರ ಮರುದಿನ ಎಲೆಕ್ಟ್ರಾನಿಕ್ ಸಿಟಿಯ ಸರ್ವಿಸ್ ರೋಡಿನಲ್ಲಿ, ಒಂದು ಕಂಪನಿಯ ಕಾಂಪೌಂಡಿನ ಪಕ್ಕ, ಮುಂದಿನ ಟ್ರಿಪ್ಪಿಗೆ ಕಾಯುತ್ತ ಎಸಿ ಹಾಕಿಕೊಂಡು ಸೀಟು ಒರಗಿಸಿ ನಂಜುಂಡಣ್ಣ ಮಲಗಿದರು. ಆ ಬಿಸಿಲಲ್ಲಿ ಎಲ್ಲ ಡ್ರೈವರುಗಳೂ ಹಾಗೇ ಮಲಗುತ್ತಾರೆ. ಟೀ ಕುಡಿಯಲು ಕರೆಯಬಂದ ಇನ್ನೊಬ್ಬ ಡ್ರೈವರು ಗಾಜು ಬಡಿದ. ಬಡಿದೇ ಬಡಿದ. ಕೊನೆಗೆ ಕಲ್ಲಿನಿಂದ ಒಡೆದ.

ಅವರು ಉಳಿದರು. ಉಳಿದರು ಎಂದರೆ ಉಸಿರು ಉಳಿಯಿತು. ತಿಂಗಳು ಕಳೆಯುತ್ತ ಹೋದಂತೆ ಗೊತ್ತಾಯಿತು — ಕೈ ನಡುಗುತ್ತದೆ, ಹೇಳಿದ್ದು ನಿಲ್ಲುವುದಿಲ್ಲ, ಬೆಳಗ್ಗೆ ಬಂದುಹೋದವರು ಸಂಜೆಗೆ ನೆನಪಿರುವುದಿಲ್ಲ. ಹೊಗೆ ಮೆದುಳಿಗೆ ಹೊಕ್ಕಿದೆ ಎಂದರು ಡಾಕ್ಟರು. ಹಳೆಯ ಗಾಡಿ, ಸೋರುವ ಪೈಪು, ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡು ಹೋದರು. ಕೇಸು ಯಾರ ಮೇಲೂ ನಿಲ್ಲಲಿಲ್ಲ.

ಆದರೆ ಸುಧಕ್ಕ ನಿಂತರು. ಗಂಡ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ನಮ್ಮ ಶೆಡ್ಡಿಗೆ ಬಂದು ನಿಂತರು. ತಲೆ ಬಾಚಿರಲಿಲ್ಲ.

"ವಾಸ್ನೆ ಬರ್ತಿದೆ ಅಂತ ಅವ್ರು ನಿಮ್ಗೇ ಫೋನ್ ಮಾಡಿ ಕೇಳಿದ್ರು. ಊಟಕ್ ಬಂದಿದ್ರು, ಸ್ಪೀಕರ್ ಹಾಕಿದ್ರು, ನಾನ್ ಪಕ್ಕದಲ್ಲೇ ಇದ್ದೆ. ಗಾಜು ಇಳಿಸ್ಬೇಡ ಅಂದ್ರಿ. ಯಾಕಂದ್ರಿ?"

ಮುನಿರಾಜಣ್ಣ ಅವರನ್ನೇ ನೋಡಿದರು. ಕೈ ಒರೆಸಿಕೊಂಡು ಫೋನು ತೆಗೆದರು. ಕರೆ ಬಂದದ್ದು ಅದರಲ್ಲಿತ್ತು, ಎಷ್ಟು ಹೊತ್ತು ಮಾತಾಡಿದ್ದು ಎಂಬುದೂ ಇತ್ತು. ನನ್ನ ಕಡೆ ತಿರುಗಿದರು.

"ಲೋ ರೇಡಿಯೊ, ನೀನ್ ಎತ್ತಿದ್ಯೇನ್ಲಾ ಇದ?"

ಇಲ್ಲಿ ಒಂದು ಉಸಿರಿನಷ್ಟು ಹೊತ್ತಿತ್ತು. ಅದನ್ನು ನಾನು ಎಷ್ಟು ಸಲ ಮತ್ತೆ ಉಸಿರಾಡಿದ್ದೇನೋ.

"ಎತ್ತಿ ನಿಮ್ಗೇ ಕೊಟ್ನಲ್ಲಣ್ಣ. ಊಟ ಆಗಿ ಕೈ ತೊಳ್ಕೊಂಡ್ ಬಂದ್ರಲ್ಲ, ಆಗ. ನೀವೇ ಅಣ್ಣ ಮಾತಾಡಿದ್ದು."

ಸುಳ್ಳಿಗೆ ಒಗ್ಗರಣೆಯನ್ನೂ ನಾನೇ ಹಾಕಿದೆ. ಕೈ ತೊಳೆದು ಬಂದದ್ದು ನಿಜವಲ್ಲವೇ. ಅವರು ತಮ್ಮ ಒದ್ದೆ ಕೈಯನ್ನು, ಟವಲನ್ನು, ಫೋನನ್ನು ನೆನಪಿನಲ್ಲಿ ಹುಡುಕುತ್ತಿರುವುದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಒಂದಾದ ಮೇಲೊಂದು ಸಿಗುತ್ತಿತ್ತು, ಮಾತು ಮಾತ್ರ ಸಿಗುತ್ತಿರಲಿಲ್ಲ. ಕೊನೆಗೆ ಸುಧಕ್ಕನಿಗೆ ಕೈ ಜೋಡಿಸಿ, "ನಂಗೆ ಗ್ಯಾನ ಇಲ್ಲ ಕಣವ್ವ" ಎಂದರು.

ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು ಸುಧಕ್ಕ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಬಗ್ಗಿ ಶೆಡ್ಡಿನ ಮುಂದಿನ ಮಣ್ಣು ಹಿಡಿಯಷ್ಟು ತೆಗೆದು ಅವರ ಮುಖಕ್ಕೆ ತೂರಿದರು. "ಗ್ಯಾನ ಇಲ್ವಾ? ನಿನ್ಗೆ ಯಾವ್ದೂ ಗ್ಯಾನ ಇಲ್ದಂಗೇ ಹೋಗ್ಲಿ."

ಮುನಿರಾಜಣ್ಣನ ಅವ್ವ ಕೊನೆಗಾಲದಲ್ಲಿ ನೆನಪು ಕಳೆದುಕೊಂಡಿದ್ದರು. ಹೆತ್ತ ಮಗನನ್ನೇ "ನೀನ್ಯಾರ ಮಗ?" ಎಂದು ಕೇಳುತ್ತಿದ್ದ ತಾಯಿಗೆ ಇವರೇ ಸ್ನಾನ ಮಾಡಿಸಿ, ತಲೆ ಬಾಚಿ, ಉಣ್ಣಿಸಿದ್ದರು. "ದೇವ್ರು ಕೈ ಬೇಕಾದ್ರೂ ತಗೊಳ್ಲಿ, ಕಾಲ್ ಬೇಕಾದ್ರೂ ತಗೊಳ್ಲಿ, ಅವ್ವಂಗೆ ಕೊಟ್ಟಿದ್ ಮಾತ್ರ ನಂಗ್ ಬ್ಯಾಡ" ಎಂದು ಟೀ ಕುಡಿಯುತ್ತ ಹೇಳುತ್ತಿದ್ದರು. ಆ ಭಯ ನನಗೆ ಗೊತ್ತಿತ್ತು. ಆ ಮಾತನ್ನೂ ನಾನು ಅಣಕ ಮಾಡಿ ತೋರಿಸಿದ್ದೆ. ಅಂದು ಮುಖದ ಮಣ್ಣನ್ನು ಒರೆಸಿಕೊಳ್ಳದೆ ನಿಂತಿದ್ದವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅವಮಾನವೂ ಇರಲಿಲ್ಲ. ಶುರುವಾಯಿತು — ಎಂಬಂತೆ ನೋಡುತ್ತಿದ್ದರು. ನಾನು ಟವಲು ತಂದು ಕೊಟ್ಟೆ. ಸತ್ಯ ಕೊಡಬೇಕಾದ ಕಡೆ ಟವಲು ಕೊಟ್ಟೆ.

ಆಮೇಲಿನದು ನಿಧಾನವಾಗಿ ನಡೆಯಿತು. "ಈ ಬೋಲ್ಟ್ ಬಿಗಿ ಮಾಡುದ್ನಾ ನಾನು?" ಎಂದು ಕೇಳಲು ಶುರುಮಾಡಿದರು. ಮಾಡಿರುತ್ತಿದ್ದರು. ಆದರೂ ಬಿಚ್ಚಿ ಮತ್ತೆ ಬಿಗಿ ಮಾಡುವರು. ಫೋನು ರಿಂಗಾದರೆ ಬೆಚ್ಚುವರು. ಡ್ರೈವರುಗಳಿಗೆ ಬುದ್ಧಿಮಾತು ಹೇಳುವುದನ್ನು ಬಿಟ್ಟರು. ಅರ್ಧಕ್ಕೆ ನಿಲ್ಲಿಸಿ, "ಬ್ಯಾರೆಯವ್ರನ್ನೂ ಒಂದ್ ಮಾತ್ ಕೇಳ್ಕೊಳಪ್ಪ" ಎನ್ನುವರು. ಬರುವವರು ಕಮ್ಮಿಯಾದರು. ಮುಂದಿನ ಬೇಸಿಗೆ ಬರುವ ಮೊದಲೇ ಶೆಡ್ಡು ಮುಚ್ಚಿದರು. ಈಗ ಅಲ್ಲಿ ಬಿರಿಯಾನಿ ಅಂಗಡಿ.

ನಾನು ಬೊಮ್ಮಸಂದ್ರದ ಒಂದು ದೊಡ್ಡ ಶೋರೂಮಿನ ಸರ್ವಿಸ್ ವಿಭಾಗಕ್ಕೆ ಸೇರಿಕೊಂಡೆ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಹೆಸರು. ಪಾರ್ಟಿಗಳಲ್ಲಿ ಮೈಕು ನನ್ನ ಕೈಗೇ ಬರುತ್ತದೆ. ಎಲ್ಲರ ದನಿ ತೆಗೆಯುತ್ತೇನೆ, ಅವರದೊಂದನ್ನು ಬಿಟ್ಟು. ಇದನ್ನೇ ಪ್ರಾಯಶ್ಚಿತ್ತ ಎಂದುಕೊಂಡು ಕೆಲವು ವರ್ಷ ಓಡಾಡಿದೆ — ಎಂಥ ಅಗ್ಗದ ಪ್ರಾಯಶ್ಚಿತ್ತ ನೋಡಿ, ಒಂದು ಮಿಮಿಕ್ರಿ ಐಟಂ ಕಮ್ಮಿ ಮಾಡಿದ್ದು.

ಈ ಬೇಸಿಗೆಯಲ್ಲಿ ಮುನಿರಾಜಣ್ಣನ ಮಗ ಹರೀಶ ಎಸಿ ಸರ್ವಿಸಿಗೆ ಕಾರು ತಂದಿದ್ದ. ಅಪ್ಪ ಹೇಗಿದ್ದಾರೆ ಎಂದೆ.

"ಅಜ್ಜಿ ಥರಾನೇ ಆಗೋದ್ರು ಮಗಾ. ಟೀ ಕುಡಿದ್ಬಿಟ್ಟು, ಕುಡುದ್ನಾ ಅಂತ ಕೇಳ್ತಾರೆ. ಡಾಕ್ಟ್ರು ಏನೂ ಇಲ್ಲ ಅಂತಾರೆ, ಇವ್ರು ಒಪ್ಪಲ್ಲ. ಫೋನ್ ಇಸ್ಕೊಂಡ್ಬಿಟ್ವಿ. ಮನೇಲಿ ಯಾವ್ದುನ್ನೂ ಈಗ ಅವ್ರನ್ನ ಕೇಳಲ್ಲ, ಸುಮ್ನೆ ಟೆನ್ಶನ್ ಮಾಡ್ಕೋತಾರೆ."

ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ. ನಾನು ಅವನ ಕಾರಿನ ಫಿಲ್ಟರು ಬಿಚ್ಚಿದೆ, ಧೂಳು ಬಡಿದೆ, ಮತ್ತೆ ಹಾಕಿದೆ. ಅಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದು — ವಯಸ್ಸಾಗಿದೆ, ಹೇಗೂ ಬರಬೇಕಾದದ್ದು ಬಂದಿರಬಹುದು ಎಂದು. ಬಂದಿರಲಿಲ್ಲ. ನಾನು ಕೊಟ್ಟಿದ್ದೆ.

ಭಾನುವಾರ ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದರು, ಇಳಿದುಹೋಗಿದ್ದರು. ನೋಡಿ ನಕ್ಕರು. "ಬಾರ್ಲಾ ರೇಡಿಯೊ. ಹೋದ್ವಾರಾನೂ ಬಂದಿದ್ಯಾ?" ಇಲ್ಲಣ್ಣ, ಶೆಡ್ಡು ಮುಚ್ಚಿದ ಮೇಲೆ ಇವತ್ತೇ ಬಂದದ್ದು ಎಂದೆ. "ಅಂಗಾ" ಎಂದು ತಲೆಯಾಡಿಸಿದರು — ನಂಬಿ, ತಮ್ಮನ್ನೇ ಅನುಮಾನಿಸಿ.

ಹೇಳಿದೆ. ರಬ್ಬರಿನಿಂದ ಶುರುಮಾಡಿ ಎಲ್ಲವನ್ನೂ. ಅವರು ಕೇಳಿಸಿಕೊಂಡು, ನನ್ನ ಮೊಣಕಾಲು ತಟ್ಟಿ, "ನಂಗೆ ಸಮಾಧಾನ ಆಗ್ಲಿ ಅಂತ ಇಷ್ಟ್ ದೊಡ್ಡ ಕತೆ ಕಟ್ಕೊಂಡ್ ಬಂದಿದ್ಯಲ್ಲ, ಒಳ್ಳೇವ್ನು ಕಣ್ಲಾ ನೀನು. ಆ ಹೆಣ್ಮಗ್ಳು ಕಿವಿಯಾರೆ ಕೇಳವ್ಳೆ, ನನ್ ದನೀನೆ" ಎಂದರು.

ಒಳ್ಳೆಯವನು ಎಂದರು. ನನಗೆ ಇನ್ನು ಬೇರೆ ದಾರಿ ಉಳಿದಿರಲಿಲ್ಲ. ತಲೆ ತಗ್ಗಿಸಿ, ಗಂಟಲು ಇಳಿಸಿ, ಇಷ್ಟು ವರ್ಷ ಮುಟ್ಟದಿದ್ದ ಆ ದನಿಯನ್ನು ತೆಗೆದೆ.

"ಏನಪ್ಪಾ ನಂಜುಂಡ. ಅದು ಕಾಯಿಲ್ ತೊಳೆದ ಲಿಕ್ವಿಡ್ ವಾಸ್ನೆ ಕಣಪ್ಪ. ಗಾಜು ಇಳಿಸ್ಬೇಡ."

ಒಳಗೆ ಅಡುಗೆಮನೆಯಿಂದ ಅವರ ಹೆಂಡತಿ, "ಏನಂದ್ರೀ?" ಎಂದು ಕೂಗಿದರು. ಗಂಡನಿಗೆ.

ಮುನಿರಾಜಣ್ಣ ಬಾಗಿಲ ಕಡೆ ನೋಡಿದರು. ನನ್ನ ಕಡೆ ನೋಡಿದರು. ತಮ್ಮ ಗಂಟಲನ್ನು ಒಮ್ಮೆ ಮುಟ್ಟಿಕೊಂಡರು. ಬಯ್ಯುತ್ತಾರೆ ಎಂದುಕೊಂಡೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದು ಆಸೆಪಟ್ಟೆ. ಅವರು, ನಾನು ಕಂಡಂತೆ ಮೊದಲ ಬಾರಿಗೆ, ನನ್ನ ನಿಜವಾದ ಹೆಸರು ಹಿಡಿದರು.

"ಕಿರಣ. ಅವನ್ ಹೆಂಡ್ರುಗೆ ಹೇಳಿದ್ಯಾ?"

"ಇನ್ನೂ ಇಲ್ಲಣ್ಣ."

"ಎದ್ದೋಗು. ಅಲ್ಲಿ ಹೇಳೋಗಂಟ ಈ ಜಗ್ಲಿ ಹತ್ಬ್ಯಾಡ."

ನಾನು ಗೇಟು ದಾಟುವಾಗ ಹಿಂದಿನಿಂದ ಅವರು ಹೆಂಡತಿಗೆ ಹೇಳುತ್ತಿದ್ದದ್ದು ಕೇಳಿಸಿತು — "ಟೀ ಕುಡ್ದೆ ಕಣೇ. ಕುಡ್ದೆ ನಾನು. ಗ್ಯಾನ ಅದೆ." ಅಳುತ್ತಿದ್ದರೋ ಏನೋ. ತಿರುಗಿ ನೋಡುವ ಯೋಗ್ಯತೆ ನನಗಿರಲಿಲ್ಲ.

ಸುಧಕ್ಕ ಈಗ ಇನ್ನೂ ಒಳಗಿನ ಗಲ್ಲಿಯಲ್ಲಿ, ಒಂದೇ ರೂಮಿನ ಮನೆಯಲ್ಲಿದ್ದಾರೆ. ಬಟ್ಟೆ ಮಡಚುತ್ತಿದ್ದರು. ಹೊಸ್ತಿಲಿನ ಹೊರಗೇ ನಿಂತು ಹೇಳಿದೆ. ಮಡಚುವ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಕೇಳಿದರು — "ಹಂಗಾದ್ರೆ ನಾನ್ ಮಣ್ಣು ತೂರಿದ್ದು ಯಾರ್ ಮುಖಕ್ಕೆ?"

ಅವರು ಗುಡ್ಡೆಯಿಂದ ಇನ್ನೊಂದು ಬಟ್ಟೆ ಎಳೆದುಕೊಂಡರು.

"ಇಷ್ಟ್ ವರ್ಷ ಆದ್ಮೇಲೆ ಬಂದು ನನ್ ಕೈಗೆ ಇದನ್ನ ಕೊಟ್ಟೆ. ನಾನ್ ಇದನ್ನ ಇಟ್ಕೊಂಡ್ ಏನ್ ಮಾಡ್ಲಿ, ಹೇಳು." ಒಂದು ಅಂಗಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. "ನಾನ್ ಆ ಮುನಿರಾಜಣ್ಣನ ಮನೆಗ್ ಹೋಗ್ತೀನಿ. ಅದ್ ನನ್ ಪಾಡು. ನಿನ್ ಪಾಡು ಇರೋದು ಒಳಗೆ ಕೂತಿರೋ ನಮ್ಮನೆಯವ್ರ ಹತ್ರ. ಅವ್ರಿಗ್ ಹೇಳು. ನಾಳೆಗೆ ಮರೀತಾರೆ. ಮತ್ತೆ ಬಂದು ಹೇಳು."

"ಎಷ್ಟ್ ಸಲ ಅಕ್ಕಾ?"

"ಅವ್ರಿಗೆ ನೆನಪು ನಿಲ್ಲೋವರ್ಗೂ."

ಅದಕ್ಕೇ ಹೋಗುತ್ತಿದ್ದೇನೆ. ವಾರದ ರಜೆಯ ದಿನ ಹೋಗಿ, ಅವರ ಮುಂದೆ ನೆಲದ ಮೇಲೆ ಕೂತು, ಮೊದಲಿನಿಂದ ಹೇಳುತ್ತೇನೆ. ಪ್ರತಿ ಸಲವೂ ನಂಜುಂಡಣ್ಣನಿಗೆ ಅದು ಹೊಸದು. ಒಂದು ವಾರ ಅತ್ತರು. ಒಂದು ವಾರ "ಹೋಗ್ಲಿ ಬಿಡಪ್ಪ" ಎಂದರು. ಆ ಕ್ಷಮೆಯನ್ನು ಜೇಬಿಗಿಳಿಸಿಕೊಂಡು ಬರುವ ಹಾಗಿರಲಿಲ್ಲ, ಸಂಜೆಯೊಳಗೆ ಅವರಲ್ಲೇ ಅದು ಇರುವುದಿಲ್ಲ. ಒಂದು ವಾರ ನನ್ನ ಕಾಲರ್ ಹಿಡಿದರು, ನಡುಗುವ ಕೈಯಲ್ಲಿ ಹಿಡಿತ ನಿಲ್ಲಲಿಲ್ಲ. ನಗಿಸಿ ತಪ್ಪಿಸಿಕೊಳ್ಳಲು ಒಮ್ಮೆ ಬಾಯಿ ತೆರೆದೆ. ಬಾಗಿಲಲ್ಲಿ ಸುಧಕ್ಕ ನಿಂತಿದ್ದರು. ಬಾಯಿ ಮುಚ್ಚಿದೆ.

ಮೊನ್ನೆ ಹೋದಾಗ ಸೆಕೆ. ಕಿಟಕಿಯೆಲ್ಲ ತೆರೆದಿತ್ತು, ಆ ಮನೆಯಲ್ಲಿ ಕಿಟಕಿ ಮುಚ್ಚುವುದಿಲ್ಲ. ನಂಜುಂಡಣ್ಣ ಗಮನ ಕೊಟ್ಟು ಕೇಳಿದರು. ರಬ್ಬರು, ಊದುಬತ್ತಿ, ಫೋನು, ಗಾಜು. ಕೇಳುತ್ತ ಕೇಳುತ್ತ ಎಲ್ಲೋ ಮಧ್ಯದಲ್ಲಿ ಅವರಿಗೆ ಆರಂಭ ತಪ್ಪಿಹೋಗಿರಬೇಕು. ನಾನು ಮುಗಿಸಿದಾಗ ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿ, ನಿಜವಾದ ಮರುಕದಿಂದ ಕೇಳಿದರು:

"ಪಾಪ. ಆ ಡ್ರೈವರ್ ಈಗ ಹೆಂಗಿದಾನೆ?"

ಸುಧಕ್ಕನ ಕಡೆ ನೋಡಿದೆ. ಅವರು ಮುಖ ತಿರುಗಿಸಲಿಲ್ಲ, ನೆರವಿಗೂ ಬರಲಿಲ್ಲ.

"ಅದು ನೀವೇ ಅಣ್ಣ" ಎಂದೆ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು, ಮುಂದೆ ಹೇಳು ಎಂಬಂತೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.